ಕೆರೆ ಸ್ವಲ್ಪ ಹಿಂದೆ ಸರಿಯಲಿ

ಬೆಂಗಳೂರಿನಲ್ಲಿ ಕೆರೆದಂಡೆಯ ಸೈಟಿಗೆ ರೇಟು ಜಾಸ್ತಿ. ಯಾಕೆಂದರೆ ಕೆರೆ ಪಕ್ಕದಲ್ಲೇ ಇದೆ. ಅದೇ ಸೈಟಿಗೆ ಪ್ಲಾನ್ ಸ್ಯಾಂಕ್ಷನ್ ಆಗುವುದಿಲ್ಲ. ಯಾಕೆಂದರೆ ಕೆರೆ ಪಕ್ಕದಲ್ಲೇ ಇದೆ. ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಬಡಪಾಯಿ ಕೋಟ್ಯಧಿಪತಿಗಳ ಪರವಾಗಿ ಯಾರಾದರೂ ನಾಲ್ಕು ಮಾತು ಆಡಬೇಕಲ್ಲ?

ತಪ್ಪು ಅವರದಲ್ಲ. ಅವರು ಬ್ರೋಷರ್ ನಂಬಿದರು. ಬ್ರೋಷರಿನಲ್ಲಿ ನೀಲಿ ನೀರು, ಎರಡು ಬಾತುಕೋಳಿ, ಬೆಂಚಿನ ಮೇಲೆ ಕೂತ ಅಜ್ಜ-ಮೊಮ್ಮಗಳು. ಸೈಟು ತೋರಿಸಲು ಕರೆದುಕೊಂಡು ಹೋಗುವುದು ಏಪ್ರಿಲ್‌ನಲ್ಲಿ. ಆಗ ನೀರು ಕೆರೆಯ ನಟ್ಟನಡುವೆ ಮುದುಡಿ ಕೂತಿರುತ್ತದೆ. 'ನೋಡಿ ಸಾರ್, ನೀರು ಅಲ್ಲಿ, ನಾವು ಇಲ್ಲಿ. ಮಧ್ಯೆ ಹುಡುಗರು ಕ್ರಿಕೆಟ್ ಆಡ್ತಾವ್ರೆ' ಎಂದು ಏಜೆಂಟ್ ಕೈ ಚಾಚುತ್ತಾನೆ. ಕೆರೆಯ ಗಡಿ ಎಂದರೆ ತುಂಬಿ ಕೋಡಿ ಬಿದ್ದಾಗ ನೀರು ಮುಟ್ಟುವ ಜಾಗ, ಹುಡುಗರು ವಿಕೆಟ್ ನೆಟ್ಟಿರುವುದು ಕೆರೆಯ ಒಳಗೇ, ಎಂದು ಅಡ್ವಾನ್ಸ್ ಕೊಡುವ ಹೊತ್ತಿನಲ್ಲಿ ಹೇಳುವ ಅನಿಷ್ಟ ಯಾರು?

ಕಾನೂನಿನ ಮೀಟರ್ ಟೇಪಾದರೂ ನೆಟ್ಟಗಿದೆಯೇ? ಮಹಾಯೋಜನೆ-2015ರ ಪ್ರಕಾರ ಕೆರೆಯ ಸುತ್ತ ಏನೂ ಕಟ್ಟದೆ ಬಿಡಬೇಕಾದ ಜಾಗ, ಅಂದರೆ ಬಫರ್, 30 ಮೀಟರ್. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 75ಕ್ಕೆ ಎಳೆಯಿತು. ಬಿಲ್ಡರುಗಳಿಗೆ ನಿದ್ದೆ ಹೋಯಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿರ್ದೇಶನವನ್ನು ತಳ್ಳಿಹಾಕಿತು, ಬಫರ್ ಮತ್ತೆ 30ಕ್ಕೆ ಬಂತು, ನಿದ್ದೆಯೂ ಬಂತು. ರಾಜಕಾಲುವೆಯ ಲೆಕ್ಕ ಇನ್ನೂ ಸೊಗಸು. ಅಲ್ಲಿ 50, 25, 15 ಮೀಟರ್ ಎಂದು ಮೂರು ದರ್ಜೆ. ಆದರೆ ಅಳೆಯುವುದು ದಡದಿಂದಲ್ಲ, ಕಾಲುವೆಯ ನಡುವಿನಿಂದ. ಹೀಗಾಗಿ ಕಾಲುವೆ ಅಗಲವಾದಷ್ಟೂ ದಡದಲ್ಲಿ ಬಿಡಬೇಕಾದ ಜಾಗ ಕಡಿಮೆ. ಹರಿಯುವ ನೀರನ್ನೇ ಖಾಲಿ ಜಾಗದ ಲೆಕ್ಕಕ್ಕೆ ಹಿಡಿದ ಆ ಮಹಾನುಭಾವ ಯಾರೋ, ಅವರಿಗೊಂದು ರಾಜ್ಯೋತ್ಸವ ಪ್ರಶಸ್ತಿ ಬಾಕಿ ಇದೆ.

ಇಷ್ಟಾದರೂ ಸೈಟುದಾರರ ಕಣ್ಣೀರು ನಿಲ್ಲಲಿಲ್ಲ. ಆಗ ಬಂತು 2025ರ ಮಳೆಗಾಲದ ಅಧಿವೇಶನ, ಅದರ ಜೊತೆಗೆ ಕೆರೆ ಸಂರಕ್ಷಣಾ ಪ್ರಾಧಿಕಾರದ ಕಾಯ್ದೆಗೆ ತಿದ್ದುಪಡಿ ಮಸೂದೆ. ಹೌದು, ಸಂರಕ್ಷಣಾ ಪ್ರಾಧಿಕಾರವೇ. ಕೆರೆ ಎಷ್ಟು ದೊಡ್ಡದೋ ಬಫರ್ ಅಷ್ಟು ಎಂಬುದು ಅದರ ತಿರುಳು. ನೂರು ಎಕರೆ ದಾಟಿದರೆ 30 ಮೀಟರ್, 25ರಿಂದ ನೂರರವರೆಗೆ 24, ಹತ್ತರಿಂದ 25ರವರೆಗೆ 12, ಒಂದರಿಂದ ಹತ್ತಕ್ಕೆ 6, ಎಕರೆಗೂ ಕಡಿಮೆಯಾದರೆ 3. ಐದು ಗುಂಟೆಯೊಳಗಿನ ಕಟ್ಟೆಗೆ ಬಫರೇ ಇಲ್ಲ. ವಾದ ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಊರ ಮುಂದಿನ ಕಟ್ಟೆಗೂ ಬೆಳ್ಳಂದೂರು ಕೆರೆಗೂ ಒಂದೇ ಅಳತೆ ಯಾಕೆ?

ಆದರೆ ನಾನು ಲೆಕ್ಕ ಹಾಕಿ ನೋಡಿದೆ, ಖುಷಿಗೆ ಕೈಕಾಲು ಆಡಲಿಲ್ಲ. ನಿಮ್ಮ ಸೈಟಿನೆದುರು 26 ಎಕರೆಯ ಕೆರೆ ಇದೆ ಎಂದುಕೊಳ್ಳಿ. ಬಫರ್ 24 ಮೀಟರ್. ಅರ್ಜಿ, ವಕೀಲರು, ವಿಧಾನಸೌಧದ ಮೆಟ್ಟಿಲು ಯಾವುದೂ ಬೇಡ. ಎರಡು ಎಕರೆಯಷ್ಟು ಮಣ್ಣು ಸುರಿಸಿದರೆ ಸಾಕು. ಕೆರೆ 24 ಎಕರೆಗೆ ಇಳಿಯಿತು, ಬಫರ್ 12ಕ್ಕೆ ಇಳಿಯಿತು, ಮೇಲೆ ಎರಡು ಎಕರೆ ಗಟ್ಟಿ ನೆಲ ಬೋನಸ್ಸು. ಮಣ್ಣಿಗೆ ದುಡ್ಡು ಕೊಡುವ ಅಗತ್ಯವೂ ಇಲ್ಲ. ಕೆಡವಿದ ಕಟ್ಟಡದ ಡೆಬ್ರಿಸ್ ತುಂಬಿಕೊಂಡ ಲಾರಿಗಳು ರಾತ್ರಿ ಹನ್ನೊಂದರ ಮೇಲೆ ಲೈಟು ಆರಿಸಿಕೊಂಡು ಇಂಥ ಜಾಗವನ್ನೇ ಹುಡುಕುತ್ತಿರುತ್ತವೆ. ಗೇಟು ತೆಗೆದಿಟ್ಟು ಮಲಗಿದರಾಯಿತು. 'ಅಳತೆ ಕಂದಾಯ ದಾಖಲೆಯದಲ್ವಾ?' ಎಂದು ಕೇಳುವ ಕಿಡಿಗೇಡಿಗಳಿದ್ದಾರೆ. ಸ್ವಾಮಿ, ದಾಖಲೆಯಲ್ಲಿ ಕೆರೆ ಕರಗಿಸುವುದಕ್ಕೆ ಲಾರಿಯೂ ಬೇಡ. ಹೀಗೆ ಶ್ರದ್ಧೆಯಿಂದ ದುಡಿದರೆ ಒಂದಲ್ಲ ಒಂದು ದಿನ ಕೆರೆ ಐದು ಗುಂಟೆಗೆ ಬರುತ್ತದೆ. ಆಮೇಲೆ ನಿಮ್ಮ ಕಾಂಪೌಂಡನ್ನು ಯಾರೂ ಮುಟ್ಟುವ ಹಾಗಿಲ್ಲ.

ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಮೇಲ್ಪಂಕ್ತಿ ಹಾಕಿಕೊಟ್ಟಿದ್ದು ಸರ್ಕಾರವೇ. ಧರ್ಮಾಂಬುಧಿ ಕೆರೆಯಲ್ಲಿ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಅಲ್ಲಿ ಯಾರೂ ಬಫರ್‌ನಲ್ಲಿ ವಿನಾಯಿತಿ ಕೇಳುತ್ತಾ ಕೂರಲಿಲ್ಲ, ಕೆರೆಯನ್ನೇ ತೆಗೆದುಕೊಂಡರು. ಅದರೆದುರು ನಿಮ್ಮ ಮೂವತ್ತು-ನಲವತ್ತರ ಸೈಟು ಯಾವ ಲೆಕ್ಕ?

ಇನ್ನು ಲೇಕ್ ವ್ಯೂ. ಬೆಳ್ಳಂದೂರು ಕೆರೆ ರಸ್ತೆಗೆ ನೊರೆ ಉಗುಳಿದ್ದನ್ನು ಬಾಲ್ಕನಿಯಿಂದ ನೋಡಿದವರು ಮಂಜು ಬಿದ್ದಿದೆ ಎಂದು ಫೋಟೊ ಹಿಡಿದರು. 2018ರ ಜನವರಿಯಲ್ಲಿ ಅದೇ ಕೆರೆಗೆ ಬೆಂಕಿ ಬಿದ್ದು, ಆರಿಸಲು ಸೇನೆಯವರೂ ಇಳಿಯಬೇಕಾಯಿತು. ನೀರಿಗೆ ಬೆಂಕಿ ಹತ್ತುವುದನ್ನು ಸೋಫಾದಲ್ಲಿ ಕೂತು ನೋಡುವ ಭಾಗ್ಯಕ್ಕೆ ಚದರಡಿಗೆ ಒಂದಿಷ್ಟು ಹೆಚ್ಚು ಕೊಟ್ಟರೆ ಏನೂ ನಷ್ಟವಿಲ್ಲ.

ಒಂದೇ ಒಂದು ತೊಡಕು. ಭೂಬಳಕೆ ಬದಲಾವಣೆಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯುತ್ತಾರಲ್ಲ, ಆ ವಾಯಿದೆಯೊಳಗೆ ಕೆರೆ ಯಾವತ್ತೂ ಉತ್ತರ ಕೊಟ್ಟಿಲ್ಲ. ಕೊಟ್ಟಿದ್ದು ತಡವಾಗಿ, 2022ರ ಸೆಪ್ಟೆಂಬರ್‌ನಲ್ಲಿ. ಯಮಲೂರಿನ ಕಡೆ ಮನೆಗಳ ನಡುಮನೆಗೇ ಬಂದು ಕೊಟ್ಟಿತು. ಕೋಟಿಯ ಕಾರುಗಳು ಮೂತಿ ಮಟ್ಟ ಮುಳುಗಿ ನಿಂತವು. ಐಟಿಯವರು ಲ್ಯಾಪ್‌ಟಾಪ್ ಚೀಲ ಎದೆಗವಚಿಕೊಂಡು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು.

ಆದ್ದರಿಂದ ಸೈಟು ಕೊಳ್ಳುವಾಗ ಕ್ಲಬ್‌ಹೌಸು, ಈಜುಕೊಳ ಅಂತೆಲ್ಲ ವಿಚಾರಿಸುತ್ತಾ ಹೊತ್ತು ಕಳೆಯಬೇಡಿ. ಈಜುಕೊಳ ಹೇಗೂ ಮನೆಗೇ ಬರುತ್ತದೆ. ತಿಂಗಳ ಮೇಂಟೆನೆನ್ಸ್‌ನಲ್ಲಿ ಟ್ರ್ಯಾಕ್ಟರ್ ಬಾಡಿಗೆ ಸೇರಿದೆಯೋ, ಬೇರೆ ಕೊಡಬೇಕೋ, ಅದನ್ನೊಂದು ಮೊದಲೇ ಕೇಳಿ ಬರೆಸಿಕೊಳ್ಳಿ.