ಅರ್ಜಿಮೀಮಾಂಸೆ: ಗಡಿಭಾಗದ ವಿದ್ಯಾರ್ಥಿ-ನೌಕರ ನಿಯುಕ್ತಿಯ ಒಂದು ತಾತ್ತ್ವಿಕ ಅಧ್ಯಯನ

ಪ್ರಸ್ತುತ ಅಧ್ಯಯನದ ವ್ಯಾಪ್ತಿ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು; ಮಿತಿ, ಪ್ರಬಂಧಕಾರನ ಸಹನೆ. ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳಲ್ಲಿ ‘ಕಮವಾ ವ ಶಿಕಾ’, ಅಂದರೆ ದುಡಿಯುತ್ತ ಕಲಿ, ಎಂಬ ಯೋಜನೆ ಇದೆ. ಅದರಡಿ ಬಡ ವಿದ್ಯಾರ್ಥಿನಿಯೊಬ್ಬಳು ಗ್ರಂಥಾಲಯದ ಕಪಾಟು ಒರೆಸುವ ಅಧಿಕಾರವನ್ನು ಹೇಗೆ ಪಡೆಯುತ್ತಾಳೆಂದು ವಿಚಾರಿಸುವ ಶಾಸ್ತ್ರಕ್ಕೆ ‘ಅರ್ಜಿಮೀಮಾಂಸೆ’ ಎಂದು ಹೆಸರಿಟ್ಟಿದ್ದೇವೆ. ಈ ಕ್ಷೇತ್ರದಲ್ಲಿ ಸಂಶೋಧನೆ ಹಿಂದುಳಿದಿದೆ. ಸಂಶೋಧನೆ ಮಾಡಬಲ್ಲವರೆಲ್ಲ ಸರಕಾರಿ ದಾಖಲೆ ಮಾಡಿಸುವ ಸೇತು ಕೇಂದ್ರದ ಸಾಲಿನಲ್ಲಿ ನಿಂತಿದ್ದಾರೆ.

ಪೂರ್ವಪಕ್ಷ. 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದ ಭಾವೂರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು; 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರಿಗೂ ಒಂದೇ ವಸತಿಗೃಹ ತೆರೆದರು. ಹುಡುಗರು ಹೊಲ ಮಾಡಿದರು, ಅಡಿಗೆ ಮಾಡಿದರು, ಓದಿದರು. ಕಾಳು ಮುಗಿದಾಗ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಬಂಗಾರ ಮಾರಿ ಉಣಿಸಿದರು. ಮೂರು ಕೊಟೇಶನ್ ತರಿಸದೆ ಬಂಗಾರ ಮಾರಿದ್ದು ಲೆಕ್ಕಪರಿಶೋಧನೆಯ ದೃಷ್ಟಿಯಲ್ಲಿ ಗಂಭೀರ ಲೋಪ. ಹುಡುಗರ ಬಡತನವನ್ನು ದೃಢೀಕರಿಸಿದ ಅಧಿಕಾರಿ ಯಾರು, ಶಿಕ್ಕಾ ಎಲ್ಲಿ? ಉಂಡವರ ಹೊಟ್ಟೆಯೊಂದೇ ಸಾಕ್ಷಿಯಾಗಿದ್ದ ಆ ಅವೈಜ್ಞಾನಿಕ ಪದ್ಧತಿಯನ್ನು ಉತ್ತರೋತ್ತರ ಸುಧಾರಿಸಲಾಗಿದೆ. ಪುಣೆ ವಿಶ್ವವಿದ್ಯಾಲಯ ಯೋಜನೆಗೆ ‘ಕರ್ಮವೀರ’ ಭಾವೂರಾವರ ಹೆಸರನ್ನೇ ಇಟ್ಟಿದೆ. ಜತ್ತದ ಕಾಲೇಜುಗಳು 1962ರಲ್ಲಿ ಸ್ಥಾಪನೆಯಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕಕ್ಷೆಗೆ ಸೇರಿವೆ. ಇದೇ ತಾಲ್ಲೂಕಿನ ಉಮದಿಯ ಹುಡುಗಿಗೆ ವಿಜಯಪುರ ಹತ್ತಿರ, ಕೊಲ್ಹಾಪುರ ದೂರ. ದೂರವೂ ಪಠ್ಯಕ್ರಮದ ಭಾಗವೇ.

ಸಿದ್ಧಾಂತ. ವಿದ್ಯಾರ್ಥಿ-ನೌಕರಳು ಹುಟ್ಟುವುದಿಲ್ಲ, ದಾಖಲೆಗಳಿಂದ ಸಂಘಟಿತಳಾಗುತ್ತಾಳೆ. ದಾಖಲೆಗಳು ಪಂಚವಿಧ. ಮೊದಲನೆಯದು ಸ್ವಯಂಭೂ: ಆಧಾರ ಕಾರ್ಡು, ಗುಣಪತ್ರಿಕೆ. ಎರಡನೆಯದು ಯಾಚಿತ: ತಲಾಠಿ, ಗ್ರಾಮಸೇವಕ, ಪ್ರಾಧ್ಯಾಪಕ, ಪ್ರಾಚಾರ್ಯ ಇವರ ಸಹಿ, ಸಹಿಯ ಮುಖ್ಯ ಲಕ್ಷಣ ‘ಸಾಹೇಬರು ಮೀಟಿಂಗಿಗೆ ಹೋಗ್ಯಾರ’ ಎಂಬುದು. ಮೂರನೆಯದು ಪರಸ್ಪರಾಶ್ರಿತ. ಉತ್ಪನ್ನದ, ಅಂದರೆ ಆದಾಯದ, ದಾಖಲೆಗೆ ರೇಶನ್ ಕಾರ್ಡು ಬೇಕು, ಕಾರ್ಡಿನ ಹೆಸರು ತಿದ್ದಿಸಲು ಪ್ರತಿಜ್ಞಾಪತ್ರ ಬೇಕು, ಅದಕ್ಕೆ ಇನ್ನೊಂದು. ಕನ್ನಡ ಶಾಲೆಯ ದಾಖಲಾತಿಯಲ್ಲಿ ‘ವ್ವ’ ಎಂದು ಮುಗಿಯುವ ಹೆಸರು ಆಧಾರದಲ್ಲಿ ‘ವಾ’ ಆಗಿ, ಪಾಸ್‌ಬುಕ್ಕಿನಲ್ಲಿ ‘ಬಾಯಿ’ ಆಗಿ ಅವತರಿಸುತ್ತದೆ. ಶಾಸ್ತ್ರರೀತ್ಯಾ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳು; ಹಸಿವಿನ ಮಟ್ಟಿಗೆ ಮಾತ್ರ ಅಭೇದ. ನಾಲ್ಕನೆಯದು ಅಧಿವಾಸ ದಾಖಲೆ, ಅಂದರೆ ಎಲ್ಲಿಯವಳೆಂಬುದರ ಪುರಾವೆ; ಇದಕ್ಕೊಂದು ಉಪ-ಅಧ್ಯಾಯವೇ ಬೇಕು. ಗಡಿವಿವಾದದ 1967ರ ಮಹಾಜನ ವರದಿ ಜತ್ತದ 44 ಹಳ್ಳಿಗಳನ್ನು ಅಂದಿನ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಿಸಲು ಶಿಫಾರಸು ಮಾಡಿತ್ತು. 2022ರ ಕೊನೆಗೆ ಎರಡೂ ರಾಜ್ಯಗಳ ಮುಖ್ಯಮಂತ್ರಿಗಳು ಜತ್ತಕ್ಕಾಗಿ ಮತ್ತೆ ಮಾತಿಗೆ ಮಾತು ಬೆಳೆಸಿದರು. ಊರು ಯಾರದೆಂದು ಸರಕಾರಗಳೇ ಇಷ್ಟು ವರ್ಷ ವಾದಿಸಲಿ, ಅಡ್ಡಿಯಿಲ್ಲ. ತಾನು ಯಾವ ಊರಿನವಳೆಂದು ಹುಡುಗಿ ಮಾತ್ರ ಬರುವ ಸೋಮವಾರದೊಳಗೆ ಸಾಬೀತು ಮಾಡಬೇಕು. ಐದನೆಯ ವಿಧವನ್ನು ಬರೆಯುವ ಉತ್ಸಾಹ ಉಳಿದಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಕೇಳಿ, ಹೇಳುತ್ತಾರೆ.

ತೌಲನಿಕ ಟಿಪ್ಪಣಿ. ಅಮೆರಿಕಕ್ಕೆ ಓದಲು ಹೋದ ನಮ್ಮ ಹುಡುಗರು ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಅಲ್ಲಿ ಐ-9 ಎಂಬ ನಮೂನೆಯಿದೆ. ಕೆಲಸ ಶುರುವಾದ ಮೂರು ಕೆಲಸದ ದಿನಗಳೊಳಗೆ ಉದ್ಯೋಗದಾತನೇ ದಾಖಲೆ ನೋಡಿ ಅದನ್ನು ಮುಗಿಸಬೇಕು. ಮೂರು ದಿನ! ನಮ್ಮಲ್ಲಿ ಅಷ್ಟರಲ್ಲಿ ಅರ್ಜಿಗೆ ಆವಕ ನಂಬರೂ ಬಿದ್ದಿರುವುದಿಲ್ಲ. ಅವಸರದ ಸಂಸ್ಕೃತಿ.

ಆಯ್ಕೆಯ ನಂತರ ಉದ್ಬೋಧನ ಸಮಾರಂಭ. ಕರ್ಮವೀರರ ಫೋಟೋಕ್ಕೆ ಹಾರ, ದೀಪ, ಶಾಲು, ತೆಂಗಿನಕಾಯಿ. ಪ್ರಮುಖ ಪಾಹುಣೆ, ಅಂದರೆ ಮುಖ್ಯ ಅತಿಥಿಗಳು, ಶ್ರಮದ ಮಹತ್ವದ ಬಗ್ಗೆ ಕೂತು ಕೂತು ಬೆನ್ನು ನೋಯುವಷ್ಟು ಹೊತ್ತು ಮಾತಾಡುತ್ತಾರೆ. ಕುರ್ಚಿ ಹಾಕಿದವರು ಮತ್ತು ತೆಗೆದವರು ಫಲಾನುಭವಿಗಳೇ. ಹಜೇರಿ ಪುಸ್ತಕ ಇನ್ನೂ ಬಂದಿಲ್ಲವಾದ್ದರಿಂದ ಆ ತಾಸುಗಳಿಗೆ ಮಾನಧನವಿಲ್ಲ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ತೋರಿಸಲು ಅಕ್ಷಾಂಶ-ರೇಖಾಂಶ ಸಹಿತ ಫೋಟೋ ತೆಗೆಯಲಾಗುತ್ತದೆ. ಫೋಟೋದಲ್ಲಿ ಎಲ್ಲರೂ ನಗಬೇಕು. ಕಪಾಟು ಎಲ್ಲಿದೆ, ಬಟ್ಟೆ ಎಲ್ಲಿದೆ, ಯಾರನ್ನು ಕೇಳಬೇಕು ಎಂಬ ಕ್ಷುಲ್ಲಕ ವಿಷಯಗಳನ್ನು ಯಾರೂ ಹೇಳುವುದಿಲ್ಲ. ಶಿಪಾಯಿ ಮಾಮಾ ಒಬ್ಬನೇ ಹೇಳುತ್ತಾನೆ, ಅದೂ ಕನ್ನಡದಲ್ಲಿ.

ಈ ಅಧ್ಯಯನದ ಮೂಲಭೂತ ಕೊಡುಗೆಯೆಂದರೆ ‘ಸಂಬಳ-ತಪಾಸಣೆ ವಿಲೋಮ ಸೂತ್ರ’: ಕೊಡುವ ದುಡ್ಡು ಕಡಿಮೆಯಾದಷ್ಟೂ ಕೇಳುವ ಕಾಗದ ಹೆಚ್ಚು. ಇದಕ್ಕೆ ಪ್ರಬಲ ಸಾಕ್ಷ್ಯ ಇದೇ ತಾಲ್ಲೂಕಿನಲ್ಲಿದೆ. 2024ರಲ್ಲಿ ಜತ್ತದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮಕ್ಕಳ ಮುಂದೆ ನಿಂತು ಪಾಠ ಹೇಳುವ ನೌಕರಿ. ಅಲ್ಲಿ ‘ಈ ಮಕ್ಕಳ ಮಾತು ನಿಮಗೆ ಬರುತ್ತದೆಯೇ’ ಎಂಬ ಒಂದು ಕಾಲಮ್ಮು ಯಾರಿಗೂ ಹೊಳೆಯಲಿಲ್ಲ. ತಪ್ಪು ಆ ಶಿಕ್ಷಕರದಲ್ಲ, ಅವರೂ ಹೊಟ್ಟೆಪಾಡಿಗೆ ಬಂದವರು. ಆದರೆ ಅಂಥದೇ ಶಾಲೆಯಲ್ಲಿ ಕಲಿತು, ಇದ್ದ ಒಬ್ಬರೋ ಇಬ್ಬರೋ ಮಾಸ್ತರರಿಂದ ಅಕ್ಷರ ಹೆಕ್ಕಿಕೊಂಡು, ಕಾಲೇಜಿಗೆ ಬಂದು ಮರಾಠಿ ನಮೂನೆಯ ಮುಂದೆ ಪೆನ್ನು ಹಿಡಿದು ನಿಂತ ಹುಡುಗಿಗೆ ‘ಖಾಲಿ ಬಿಟ್ಟೀಯಲ್ಲ, ಹೊಸಾ ಫಾರ್ಮ್ ತಗೊಂಡ್ ಬಾ’ ಎನ್ನುವವನಿಗೆ ನಾಚಿಕೆಯಾಗುವುದಿಲ್ಲವೇ? ಅವಳು ಕೇಳಿದ್ದು ದಾನವಲ್ಲ. ಒರೆಸುತ್ತೇನೆ, ಒರೆಸಿದ್ದಕ್ಕೆ ಕೊಡಿ ಅಂದಿದ್ದಾಳೆ.

ಶಾಸ್ತ್ರ ಇಲ್ಲಿಗೆ ಸಾಕು. ಜೂನ್-ಜುಲೈಯಲ್ಲಿ ಕಾಲೇಜು ಶುರು, ದೀಪಾವಳಿಯ ಆಸುಪಾಸಿಗೆ ಕಬ್ಬಿನ ಹಂಗಾಮು ಶುರು. ಮಳೆ ಕೈಕೊಟ್ಟ ವರ್ಷ ಜತ್ತದ ಪೂರ್ವಭಾಗದ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಕಾರಖಾನೆಗಳ ಕಡೆ ಹೊರಡುತ್ತವೆ. ಫೈಲು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವಷ್ಟರಲ್ಲಿ ಅರ್ಜಿದಾರಳು ಫಡದಲ್ಲಿ ಕಬ್ಬಿನ ಸಿವುಡು ಕಟ್ಟುತ್ತಿರುತ್ತಾಳೆ. ಅವಳ ಹೆಸರು ಆಯ್ಕೆಪಟ್ಟಿಯಲ್ಲಿ ಬರುತ್ತದೆ. ‘ಗೈರುಹಾಜರಿಯಿಂದ ರದ್ದು’ ಎಂದೂ ಬರುತ್ತದೆ.

ಒಂದು ಹಾಳೆ ಸಾಕು: ಹೆಸರು, ತರಗತಿ, ಬಿಡುವಿನ ತಾಸು, ಬ್ಯಾಂಕಿನ ಖಾತೆ. ಒಂದು ಮಗ್ಗುಲು ಮರಾಠಿ, ಇನ್ನೊಂದು ಮಗ್ಗುಲು ಕನ್ನಡ ಅಚ್ಚು ಹಾಕಿಸಿ. ಬಡತನದ ದಾಖಲೆ ಬೇಕೇಬೇಕೆಂದರೆ ಕೆಲಸ ಕೊಟ್ಟ ಮೇಲೆ ತರಿಸಿಕೊಳ್ಳಿ, ಅವಳು ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲ ತಿಂಗಳ ದುಡ್ಡು ದೀಪಾವಳಿಗಿಂತ ಮೊದಲು ಅವಳ ಕೈಗೆ ಬರಲಿ. ಆಮೇಲೆ ಕಬ್ಬಿಗೆ ಆಳು ಒಯ್ಯುವ ಮುಕಾದಮನ ಟ್ರ್ಯಾಕ್ಟರು ಬರುತ್ತದೆ, ಅವನು ಉಚಲ, ಅಂದರೆ ಮುಂಗಡ, ಮೊದಲೇ ಎಣಿಸಿ ಕೊಡುತ್ತಾನೆ, ಯಾವ ಫಾರ್ಮೂ ಕೇಳುವುದಿಲ್ಲ.