ಎಲ್ಲ ಖಾತೆಯನ್ನೂ ತಾವೇ ಇಟ್ಟುಕೊಂಡಿರುವ ಹಾರ್ಟ್ ಅವರಿಗೆ ಬಹಿರಂಗ ಪತ್ರ

ಇಂಗ್ಲಿಷ್ ಭಾಷೆಯ ಮಾನ್ಯ ಹಾರ್ಟ್ ಅವರೇ,

ತಾವು ಅಧಿಕಾರಕ್ಕೆ ಬಂದು ಎಷ್ಟೋ ಶತಮಾನ ಕಳೆಯಿತು. ಖಾತೆ ಹಂಚಿಕೆ ಮಾತ್ರ ಇನ್ನೂ ಆಗಿಲ್ಲ. ಪ್ರೀತಿ ತಮ್ಮದು, ಧೈರ್ಯ ತಮ್ಮದು. ದಯೆ, ದುಃಖ, ಪ್ರಾಮಾಣಿಕತೆ, ನೆನಪು ಎಲ್ಲವೂ ತಮ್ಮ ಮೇಜಿನ ಮೇಲೇ ಇವೆ. ಊರಿನ ನಡುಭಾಗಕ್ಕೂ ತಮ್ಮ ಹೆಸರು, ಇಸ್ಪೀಟಿನ 13 ಕೆಂಪು ಎಲೆಗಳಿಗೂ ತಮ್ಮ ಹೆಸರು. ಮೆದುಳಿನಂಥ ಹಿರಿಯರಿಗೆ ಕೂಡಿಸಿ ಕಳೆಯುವ ಕೆಲಸವೊಂದನ್ನು ಬಿಟ್ಟುಕೊಟ್ಟಿದ್ದೀರಿ, ಅದೂ ಒಲ್ಲದ ಮನಸ್ಸಿನಿಂದ.

ಮೊದಲು ನೆನಪಿನ ಖಾತೆಯನ್ನೇ ತೆಗೆದುಕೊಳ್ಳೋಣ. ಪ್ರಾಚೀನ ಈಜಿಪ್ಟಿನವರು ಶವ ಕೆಡದಂತೆ ಕಾಪಿಡುವಾಗ ಮೆದುಳನ್ನು ಮೂಗಿನಿಂದ ಎಳೆದು ಬಿಸಾಡುತ್ತಿದ್ದರು, ತಮ್ಮನ್ನು ಜೋಪಾನವಾಗಿ ಒಳಗೇ ಉಳಿಸುತ್ತಿದ್ದರು. ಅರಿಸ್ಟಾಟಲ್ ಅಂಥ ಅರಿಸ್ಟಾಟಲನೇ ಬುದ್ಧಿ ಇರುವುದು ತಮ್ಮಲ್ಲಿ, ಮೆದುಳಿನ ಕೆಲಸ ದೇಹವನ್ನು ತಂಪಾಗಿಡುವುದಷ್ಟೇ ಎಂದು ನಂಬಿದ್ದ. ಇಷ್ಟು ಶಿಫಾರಸು ಇದ್ದ ಮೇಲೆ ಕವಿ ಚಾಸರನ ಕಾಲಕ್ಕಾಗಲೇ ಇಂಗ್ಲಿಷರು ‘ಬೈ ಹಾರ್ಟ್’ ಕಲಿಯುತ್ತಿದ್ದರೆ ಆಶ್ಚರ್ಯವೇನು? ‘ರೆಕಾರ್ಡ್’ ಎಂಬ ಮಾತಿನ ಒಳಗೂ ಲ್ಯಾಟಿನ್ನಿನಲ್ಲಿ ಹೃದಯಕ್ಕಿರುವ ‘ಕೊರ್’ ಕುಳಿತಿದೆ. ಹಾಗಾಗಿ ನಮ್ಮ ತಾಲ್ಲೂಕು ಕಚೇರಿಯ ಧೂಳು ಹಿಡಿದ ರೆಕಾರ್ಡ್ ರೂಮೂ ತಮ್ಮದೇ ಶಾಖೆ. ನಮ್ಮ ಮಕ್ಕಳು ಮಗ್ಗಿಯನ್ನು ಈಗ ‘ಬೈಹಾರ್ಟ್’ ಮಾಡುತ್ತಾರೆ. ಮೊದಲು ಅದು ಬಾಯಿಪಾಠವಾಗಿತ್ತು. ಒಳಗೆ ಏನೂ ಇಳಿಯದಿದ್ದರೂ ನಡೆಯುತ್ತದೆ ಎಂಬ ಒಪ್ಪಿಗೆ ಆ ಹೆಸರಿನಲ್ಲೇ ಇತ್ತು. ನಮ್ಮಲ್ಲಿ ಮಮತೆಯನ್ನು ಕರುಳು, ಅಸೂಯೆಯನ್ನು ಹೊಟ್ಟೆ ನೋಡಿಕೊಳ್ಳುತ್ತವೆ. ಯಾವ ಕಡತವೂ ನಿಂತಿಲ್ಲ.

ಇನ್ನು ತಮ್ಮ ಪ್ರವಾಸಭತ್ಯೆಯ ಬಿಲ್ಲು. ಹೆದರಿಕೆಯಾದರೆ ತಾವು ಬಾಯಿಗೆ ಬರುತ್ತೀರಿ, ನಿರಾಶೆಯಾದರೆ ಬೂಟಿಗೆ ಇಳಿಯುತ್ತೀರಿ. ಒಳ್ಳೆಯವರ ಹಾರ್ಟು ‘ರೈಟ್ ಪ್ಲೇಸ್’ನಲ್ಲಿದೆ ಎನ್ನುತ್ತಾರೆ, ಹೊರಳಿರುವುದು ಎಡಕ್ಕೆ. ಎಲ್ಲಕ್ಕಿಂತ ವಿಚಿತ್ರವೆಂದರೆ ತೋಳಿನ ಮೇಲಿನ ವಾಸ. ಮನಸ್ಸು ಬಿಚ್ಚಿ ಬದುಕುವವರನ್ನು ‘ಹಾರ್ಟ್ ಆನ್ ದ ಸ್ಲೀವ್’ ಎಂದು ಹೊಗಳುವವರು ಆ ಮಾತು ಯಾರ ಬಾಯಿಂದ ಪ್ರಸಿದ್ಧವಾಯಿತು ಎಂದು ಒಮ್ಮೆ ನೋಡಬೇಕು. ಷೇಕ್ಸ್‌ಪಿಯರನ ಒಥೆಲೊ ನಾಟಕದ ಮೊದಲ ದೃಶ್ಯದಲ್ಲೇ ಅದನ್ನು ಆಡುವವನು ಇಯಾಗೊ. ತಾನು ಹಾಗೆಂದೂ ಮಾಡುವವನಲ್ಲ ಎಂಬುದೇ ಅವನ ಮಾತಿನ ಅರ್ಥ. ನಾಟಕದ ಅತಿ ದೊಡ್ಡ ಸುಳ್ಳುಗಾರ ಬೇಡವೆಂದದ್ದು ಇಂದು ನಿಷ್ಕಪಟಿಗಳ ಬಿರುದು.

ಬರೀ ಮಾತಿನ ಪ್ರವಾಸವಾಗಿದ್ದರೆ ಸುಮ್ಮನಿರಬಹುದಿತ್ತು. ‘ಲಯನ್‌ಹಾರ್ಟ್’ ಎನಿಸಿಕೊಂಡ ದೊರೆ ರಿಚರ್ಡ್ 1199ರಲ್ಲಿ ಸತ್ತಾಗ ದೇಹ ಫಾಂಟವ್ರೋಗೆ ಹೋಯಿತು, ತಾವು ಮಾತ್ರ ಪ್ರತ್ಯೇಕವಾಗಿ ರುವಾನ್‌ಗೆ ದಯಮಾಡಿಸಿದಿರಿ. 1928ರಲ್ಲಿ ಕಾದಂಬರಿಕಾರ ಥಾಮಸ್ ಹಾರ್ಡಿಯ ಚಿತಾಭಸ್ಮ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಹೃದಯ ಊರಿನ ಪಕ್ಕದ ಸ್ಟಿನ್ಸ್‌ಫರ್ಡ್ ಚರ್ಚಿನ ಅಂಗಳದಲ್ಲಿ. ಹೂಳುವ ಮೊದಲೇ ಬೆಕ್ಕೊಂದು ಅದನ್ನು ತಿಂದಿತೆಂಬ ಗಾಳಿಸುದ್ದಿ ಇಂದಿಗೂ ಸತ್ತಿಲ್ಲ. ನಿಜವೇ ಆಗಿದ್ದರೆ, ‘ಈಟ್ ಯುವರ್ ಹಾರ್ಟ್ ಔಟ್’ ಎಂಬ ನುಡಿಗಟ್ಟನ್ನು ಚಾಚೂ ತಪ್ಪದೆ ಪಾಲಿಸಿದ ಕೀರ್ತಿ ಆ ಬೆಕ್ಕಿಗೇ ಸಲ್ಲಬೇಕು.

ತಮ್ಮ ಹುದ್ದೆಯ ಬಗ್ಗೆ ತನಿಖೆ ನಡೆದಿಲ್ಲವೆಂದಲ್ಲ. 1628ರಲ್ಲಿ ವಿಲಿಯಂ ಹಾರ್ವೆ ಲ್ಯಾಟಿನ್ನಿನಲ್ಲಿ ಪುಸ್ತಕ ಬರೆದು, ತಾವು ರಕ್ತವನ್ನು ಒತ್ತಿ ದೇಹದ ಸುತ್ತ ಓಡಿಸುವ ಸ್ನಾಯು ಎಂದು ಸಾಬೀತು ಮಾಡಿದ. ಜಾಣ ವೈದ್ಯ, ಪುಸ್ತಕವನ್ನು ದೊರೆ ಮೊದಲನೇ ಚಾರ್ಲ್ಸ್‌ಗೆ ಅರ್ಪಿಸಿ, ದೇಹಕ್ಕೆ ಹೃದಯ ಹೇಗೋ ರಾಜ್ಯಕ್ಕೆ ದೊರೆ ಹಾಗೆ ಎಂದು ಒಂದಿಷ್ಟು ಬೆಣ್ಣೆಯನ್ನೂ ಹಚ್ಚಿದ. 1649ರಲ್ಲಿ ಆ ದೊರೆಯ ತಲೆಯನ್ನೇ ತೆಗೆದರು. ಹೋಲಿಕೆ ಬರೆಯುವಾಗ ತಲೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹೀಗೇ ಆಗುವುದು. ಆದರೂ ಹಾರ್ವೆಯ ಆದೇಶ ನಿಘಂಟಿನ ಇಲಾಖೆಯಲ್ಲಿ ಜಾರಿಯಾಗಲೇ ಇಲ್ಲ. ಬದಲಿಗೆ ತಮಗೆ ಬಡ್ತಿ ಸಿಕ್ಕಿತು. ವಿನ್ಯಾಸಕಾರ ಮಿಲ್ಟನ್ ಗ್ಲೇಸರ್ 1970ರ ದಶಕದಲ್ಲಿ ನ್ಯೂಯಾರ್ಕಿಗಾಗಿ ಬರೆದ ಲಾಂಛನದಲ್ಲಿ ಕ್ರಿಯಾಪದದ ಜಾಗಕ್ಕೆ ತಮ್ಮ ಕೆಂಪು ಚಿತ್ರ ಕೂತಿತು. 2011ರಲ್ಲಿ ಆಕ್ಸ್‌ಫರ್ಡ್ ನಿಘಂಟು ‘ಪ್ರೀತಿಸು’ ಎಂಬ ಅರ್ಥದಲ್ಲಿ ತಮ್ಮನ್ನು ಕ್ರಿಯಾಪದವಾಗಿ ಒಪ್ಪಿಕೊಂಡಿತು.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ತೀವ್ರ ದುಃಖ, ಆಘಾತಗಳಾದಾಗ ಕೆಲವರ ಎಡ ಹೃತ್ಕುಕ್ಷಿ ಉಬ್ಬಿ ದುರ್ಬಲವಾಗುವುದನ್ನು ಜಪಾನಿನ ವೈದ್ಯರು 1990ರಲ್ಲಿ ವರ್ಣಿಸಿದರು. ಅದರ ಆಕಾರ ಆಕ್ಟೋಪಸ್ ಹಿಡಿಯುವ ಮಡಕೆಯಂತೆ ಕಂಡದ್ದರಿಂದ ‘ತಕೊತ್ಸುಬೊ’ ಎಂದು ಕರೆದರು. ಇಂಗ್ಲಿಷಿನವರು ಕಾದೇ ಕುಳಿತಿದ್ದವರಂತೆ ‘ಬ್ರೋಕನ್ ಹಾರ್ಟ್ ಸಿಂಡ್ರೋಮ್’ ಎಂದರು. ಬಹುತೇಕ ಪ್ರಕರಣಗಳಲ್ಲಿ ಕೆಲವು ವಾರಗಳಲ್ಲಿ ಅದು ಸರಿಹೋಗುತ್ತದಂತೆ. ಸಿನಿಮಾದವರು ಅದನ್ನು ನಂಬುವುದಿಲ್ಲ. ಏನೇ ಇರಲಿ, ದುಃಖದ ಖಾತೆಯನ್ನು ತಾವೇ ಇಟ್ಟುಕೊಳ್ಳಲು ನನ್ನ ತಕರಾರಿಲ್ಲ.

ಆದರೆ ‘ಹಾರ್ಟ್‌ಬರ್ನ್’? ಜಠರದ ಆಮ್ಲ ಅನ್ನನಾಳಕ್ಕೆ ನುಗ್ಗಿದ್ದಕ್ಕೂ ತಮಗೂ ಏನು ಸಂಬಂಧ? ನಾವೂ ಎದೆಯುರಿ ಎನ್ನುತ್ತೇವಲ್ಲ ಎಂದು ಉತ್ತರಿಸಬೇಡಿ. ಎದೆ ಎಂದರೆ ಇಡೀ ವಠಾರ, ತಾವು ಅದರ ಒಂದು ಮನೆ. ಈ ಒಂದು ಖಾತೆಯನ್ನಾದರೂ ಕೂಡಲೇ ಹಸ್ತಾಂತರಿಸಬೇಕೆಂದು ಕೋರುತ್ತೇನೆ.

ಇಂತಿ,
ಊಟದ ನಂತರ ಬರೆಯುತ್ತಿರುವ ಓದುಗ

ಪ್ರತಿ: ಮೆದುಳು – ಮಾಹಿತಿಗಾಗಿ
ಜಠರ – ಸೂಕ್ತ ಕ್ರಮಕ್ಕಾಗಿ