ಚುಕ್ಕಾಣಿಯಿಲ್ಲದ ತೆಪ್ಪದ ಚುಕ್ಕಾಣಿ ನಿರ್ವಹಣೆ: ಒಂದು ಬಹುಶಿಸ್ತೀಯ ವಿವೇಚನೆ

ಕಾವೇರಿ ಕೊಳ್ಳದ ವರ್ತುಲಾಕಾರದ ಜಲಯಾನಗಳಲ್ಲಿ ದಿಕ್ಕು ನಿಯಂತ್ರಣ ವ್ಯವಸ್ಥೆಯ ದೋಷಪತ್ತೆ, ದೋಷನಿವಾರಣೆ ಹಾಗೂ ಸುಸ್ಥಿರ ಪಾಲನೆಯ ಬಗ್ಗೆ ವಿದ್ವತ್ ಲೋಕ ಗಾಢ ಮೌನ ತಾಳಿದೆ. ಇದರಿಂದ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ತೆಪ್ಪ ಹಾಕುವವರಿಗೆ ಏನೂ ನಷ್ಟವಾದಂತೆ ಕಾಣುವುದಿಲ್ಲ. ಆದರೂ ಕೊರತೆ ಕೊರತೆಯೇ. ತುಂಬದೆ ಬಿಡುವುದು ಸಂಶೋಧನಾ ಧರ್ಮವಲ್ಲ.

ಮೊದಲು ಪರಿಕಲ್ಪನಾತ್ಮಕ ಚೌಕಟ್ಟು. ಕಯಾಕ್ ಎಂಬ ನೀಳ ದೋಣಿಯ ಹಿಂತುದಿಯಲ್ಲಿ ಒಂದು ಅಲಗು, ಒಳಗೆ ಕಾಲಿಗೆ ಸಿಗುವಂತೆ ಎರಡು ಪೆಡಲು, ಇವನ್ನು ಜೋಡಿಸುವ ಉಕ್ಕಿನ ತಂತಿ. ತಂತಿ ಸಡಿಲವಾದರೆ ಬಿಗಿಯಬೇಕು, ಎಳೆ ಬಿಚ್ಚಿಕೊಂಡರೆ ಬದಲಿಸಬೇಕು, ಕೊಳವೆಯೊಳಗೆ ಮರಳು ಹೊಕ್ಕರೆ ಸಿಹಿನೀರು ಬಿಟ್ಟು ತೊಳೆಯಬೇಕು. ಕಡಲಿನ ಅಡ್ಡಗಾಳಿಗೆ ದೋಣಿಯ ಮೂತಿ ತಿರುಗದಿರಲೆಂದು ಇಷ್ಟೆಲ್ಲ ಏರ್ಪಾಟು. ಬಂಡೆಗಳ ನಡುವೆ ನುಗ್ಗುವ ಹೊಳೆಗೆ ಇಳಿಸುವ ಕಯಾಕಿಗೆ ಸಾಮಾನ್ಯವಾಗಿ ಚುಕ್ಕಾಣಿಯೇ ಇರುವುದಿಲ್ಲ. ಹಾಗಾಗಿ ಪ್ರಬಂಧ ಇಲ್ಲಿಗೇ ಮುಗಿಯಬೇಕಿತ್ತು. ಕನಿಷ್ಠ ಪುಟಸಂಖ್ಯೆಯ ನಿಯಮ ಅಡ್ಡ ಬರುತ್ತದೆ.

ಐತಿಹಾಸಿಕ ಹಿನ್ನೆಲೆಗೆ ಮುತ್ತತ್ತಿಯೇ ಸಾಕು. ಸೀತೆಯ ಮೂಗುತಿ ಹೊಳೆಗೆ ಬಿದ್ದಾಗ ಆಂಜನೇಯ ಬಾಲದಿಂದ ನೀರು ಕಲಕಿ ಎತ್ತಿಕೊಟ್ಟನೆಂದು ಸ್ಥಳಪುರಾಣ. ಹಿಂಬದಿಗೆ ಜೋಡಣೆಯಾಗಿ, ನೀರಲ್ಲಿ ಮುಳುಗಿ, ಧಾರಕನ ಇಚ್ಛೆಯಂತೆ ಉಭಯ ಪಾರ್ಶ್ವಗಳಿಗೂ ಹೊರಳುವ ಸಾಧನ ಚುಕ್ಕಾಣಿಯಲ್ಲದೆ ಇನ್ನೇನು? ಇದಕ್ಕಿಂತ ತೆಳುವಾದ ಆಧಾರದ ಮೇಲೆ ಡಾಕ್ಟರೇಟ್ ಪಡೆದವರಿದ್ದಾರೆ.

ಇನ್ನು ತೆಪ್ಪ. ಬಿದಿರ ದಬ್ಬೆ ಹೆಣೆದ ದುಂಡು ಬುಟ್ಟಿ. ತಳಕ್ಕೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಇದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ಆದ್ದರಿಂದ ಚುಕ್ಕಾಣಿಯನ್ನು ಎಲ್ಲಿ ಕೂರಿಸಬೇಕೆಂಬ 'ಸ್ಥಾನಿಕ ಅನಿರ್ಣೀತತೆ' ತಲೆದೋರುತ್ತದೆ. ಅಂಬಿಗ ಈ ಸಮಸ್ಯೆಯನ್ನು ಕುಳಿತೇ ಬಗೆಹರಿಸಿದ್ದಾನೆ: ಅವನು ಕೂತ ಕಡೆ ಮುಂಭಾಗ. ಅಲ್ಲಿಂದ ಹುಟ್ಟು ಚಾಚಿ ನೀರನ್ನು ಎಡಕ್ಕೂ ಬಲಕ್ಕೂ ತನ್ನತ್ತ ಬಾಚಿಕೊಳ್ಳುತ್ತಾನೆ. ತಂತಿ, ಪೆಡಲು, ಅಲಗು ಎಲ್ಲವೂ ಅವನ ರಟ್ಟೆಯಲ್ಲಿದೆ. ತೈಲಲೇಪನದ ವೇಳಾಪಟ್ಟಿಯನ್ನು ಯಾರ ಮೈಗೆ ಅನ್ವಯಿಸಬೇಕೆಂಬುದು ಮುಂದಿನ ಅಧ್ಯಯನದ ವಿಷಯ.

ದೋಷಗಳು ಹನ್ನೆರಡು ವರ್ಗ. ದಬ್ಬೆ ಮುರಿದರೆ ಅಂತರ್ಗತ. ಡಾಂಬರು ಬಿರಿದು ನೀರು ಜಿನುಗಿದರೆ ಬಹಿರ್ಗತ. ಎರಡೂ ಒಟ್ಟಿಗಾದರೆ ಅಂತರ್ಬಹಿರ್ಗತ. ನಾಲ್ಕನೆಯದನ್ನು ಗೋಷ್ಠಿಯಲ್ಲಿ ಮಂಡಿಸುವಷ್ಟರಲ್ಲಿ ಮದ್ದೂರು ವಡೆ ಬಂತು. ಉಳಿದ ಒಂಬತ್ತನ್ನು ಆಮೇಲೆ ಯಾರೂ ಕೇಳಲಿಲ್ಲ. ಕೇಳಬೇಕಾದದ್ದೂ ಅಲ್ಲ.

ಏಕೆಂದರೆ ಕೆಟ್ಟಿರುವುದು ತೆಪ್ಪವಲ್ಲ. ಮುತ್ತತ್ತಿಯ ಮೇಲುಗಡೆ 1902ರಿಂದ ವಿದ್ಯುತ್ ಹುಟ್ಟಿಸುತ್ತಿರುವ ಶಿವನಸಮುದ್ರ, ಅದಕ್ಕೂ ಮೇಲೆ ಕನ್ನಂಬಾಡಿ ಕಟ್ಟೆ. 2023ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ 5,000 ಕ್ಯೂಸೆಕ್ ಬಿಡಬೇಕೆಂಬ ಆದೇಶಕ್ಕೆ ಮಂಡ್ಯ ಬಂದ್ ಆಯಿತು. ಮರುವರ್ಷದ ಮಳೆಗಾಲದಲ್ಲಿ ಅದೇ ಕಟ್ಟೆಯಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಹರಿದು, ರಂಗನತಿಟ್ಟಿನಲ್ಲಿ ದೋಣಿವಿಹಾರ ನಿಂತಿತು. ಇಷ್ಟು ಏರಿಳಿತದಲ್ಲಿ ಯಾವ ಬಂಡೆ ನೀರಡಿಗೆ ಹೋಯಿತು, ಮಡು ಎಲ್ಲಿ ಆಳವಾಯಿತು, ಸುಳಿ ಎತ್ತ ಸರಿಯಿತು ಎನ್ನುವ ಲೆಕ್ಕ ಯಾವ ಕೈಪಿಡಿಯಲ್ಲಿದೆ? ಹುಟ್ಟು ಹಿಡಿದವನ ತಲೆಯಲ್ಲಿದೆ. ಅವನ ಮಗ ಬೆಂಗಳೂರಿಗೆ ದುಡಿಯಲು ಹೋದರೆ ಆ ಲೆಕ್ಕವೂ ಅಪ್ಪನೊಂದಿಗೇ ಮುಗಿಯಿತು. ಹೋದ ಮಗನನ್ನು ಬೈಯುವಂತೆಯೂ ಇಲ್ಲ. ಹೊಳೆ ತುಂಬಿದರೂ ಕೂಲಿಯಿಲ್ಲ, ಬತ್ತಿದರೂ ಇಲ್ಲ.

ಮುತ್ತತ್ತಿಯಲ್ಲಿ ಈಜಲು ಇಳಿದವರು ಮುಳುಗಿ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರತಿಸಲವೂ ಕಟ್ಟುನಿಟ್ಟಿನ ಕ್ರಮದ ಮಾತು. ಸಭೆ, ನಡಾವಳಿ, ಕ್ರಿಯಾಯೋಜನೆ. 'ಭಾಗೀದಾರರ ಸಾಮರ್ಥ್ಯವರ್ಧನೆ' ಎಂದು ಬರೆದವರು ಒಮ್ಮೆ ಜೂನ್ ತಿಂಗಳ ಹೊಳೆಯಲ್ಲಿ ತೆಪ್ಪ ಹತ್ತಿ ಆಚೆ ದಡ ನೋಡಿ ಬರಲಿ. ಬಕಲ್ ಮುರಿಯದ ಲೈಫ್ ಜಾಕೆಟ್ ಆಳಿಗೊಂದರಂತೆ ಕೊಡಿ. ಗೇಟು ಎತ್ತುವ ಮುನ್ನ ಕೆಳಗಿನ ಹಳ್ಳಿಗಳಿಗೆ ಕೂಗಿ ಹೇಳಿ. ಕಾಗದದಲ್ಲಲ್ಲ, ಮೈಕಿನಲ್ಲಿ, ಹೊಳೆ ಬರುವುದಕ್ಕೆ ಮೊದಲು.